ವಿಳಾಸವಿರುವ ಪ್ರವಾದನೆ: ಬೈಬಲ್ಲಿನ ಅಂತ್ಯಕಾಲದ ಗ್ರಂಥಗಳನ್ನು ಓದುವ ಬಗೆ



ಬೈಬಲ್ಲಿನಲ್ಲಿ ಲೋಕಾಂತ್ಯದ ಬಗ್ಗೆ ಹೇಳುವ ಭಾಗಗಳನ್ನು ಹೇಗೆ ಓದಬೇಕು ಎಂಬುದು ಇವತ್ತಿನ ವಿಷಯ. ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥ, ಮಾರ್ಕನ ಸುವಾರ್ತೆಯ 13ನೇ ಅಧ್ಯಾಯ, ಮತ್ತಾಯನ 24ನೇ ಅಧ್ಯಾಯ, ಥೆಸಲೋನಿಕದವರಿಗೆ ಬರೆದ ಎರಡು ಪತ್ರಗಳು, ಕೊನೆಗೆ ಯೋಹಾನನ ಪ್ರಕಟನೆ, ಮುಖ್ಯವಾಗಿ ಇವಿಷ್ಟನ್ನು ನಾನು ಮುಂದಿಟ್ಟುಕೊಂಡಿದ್ದೇನೆ. ಇವನ್ನು ಓದಿ ಹೊಲಮನೆ ಬಿಟ್ಟವರಿದ್ದಾರೆ, ಕತ್ತಿ ಹಿಡಿದವರಿದ್ದಾರೆ. ಇವನ್ನೇ ಓದಿ ದಬ್ಬಾಳಿಕೆಯ ಎದುರು ತಲೆಯೆತ್ತಿ ನಿಂತವರೂ ಇದ್ದಾರೆ. ಕೊರೊನಾ ಕಾಲದಲ್ಲಿ, ಪ್ರಕಟನೆ ಹೇಳುವ ‘ಮೃಗದ ಗುರುತು’ ಲಸಿಕೆಯೇ ಎಂಬ ಸಂದೇಶಗಳು ಹಲವು ದೇಶಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಅದನ್ನು ನಂಬಿ ಲಸಿಕೆ ಬೇಡವೆಂದವರೂ ಉಂಟು. ಹಾಗಾಗಿ ಓದುವ ಬಗೆ ಎನ್ನುವುದು ಪಂಡಿತರ ಪಾಲಿಗೆ ಬಿಟ್ಟು ಕೈತೊಳೆದುಕೊಳ್ಳುವ ವಿಷಯವಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಗ್ರಂಥಗಳಿಗೆಲ್ಲ ವಿಳಾಸವಿದೆ. ಕಷ್ಟಕ್ಕೆ ಸಿಕ್ಕ ಇಂಥದೇ ಜನರಿಗೆ, ಅವರಿಗೆ ಗೊತ್ತಿದ್ದ ಚಿತ್ರಗಳಲ್ಲಿ, ಅವರನ್ನು ಸುಡುತ್ತಿದ್ದ ಪ್ರಶ್ನೆಗೆ ಉತ್ತರವಾಗಿ ಇವು ಬಂದವು. ಆ ವಿಳಾಸವನ್ನು ನೋಡಿಕೊಂಡು ಓದಿದವರ ಜೊತೆ ಇವು ಇಂದಿಗೂ ಮಾತಾಡುತ್ತವೆ. ವಿಳಾಸ ಬಿಟ್ಟು ದಿನಾಂಕ ಹುಡುಕಿದವರ ಲೆಕ್ಕ ಎರಡು ಸಾವಿರ ವರ್ಷಗಳಲ್ಲಿ ಒಮ್ಮೆಯೂ ತಾಳೆಯಾಗಿಲ್ಲ.

ಗ್ರಂಥದೊಳಗೇ ಶುರುವಾದ ವ್ಯಾಖ್ಯಾನ

ಪ್ರವಾದನೆಯನ್ನು ಅರ್ಥೈಸುವ ಕೆಲಸ ಬೈಬಲ್ಲಿನ ಒಳಗೇ ನಡೆದಿದೆ. ಬಾಬಿಲೋನಿನ ಅಧೀನತೆ ಎಪ್ಪತ್ತು ವರ್ಷ ಇರುತ್ತದೆ ಎಂದು ಯೆರೆಮೀಯ ಪ್ರವಾದಿ ಹೇಳಿದ್ದ. ದಾನಿಯೇಲನ ಗ್ರಂಥದ 9ನೇ ಅಧ್ಯಾಯದಲ್ಲಿ ದಾನಿಯೇಲ ಆ ಮಾತನ್ನು ಓದಿ, ಗೋಣಿತಟ್ಟು ಉಟ್ಟು ಪ್ರಾರ್ಥನೆಗೆ ಕೂರುತ್ತಾನೆ. ಆಗ ಗಬ್ರಿಯೇಲ ದೂತ ಬಂದು ಎಪ್ಪತ್ತು ವರ್ಷವನ್ನು ಎಪ್ಪತ್ತು ವಾರವೆಂದು ಬಿಡಿಸಿ ಹೇಳುತ್ತಾನೆ. ವಾರವೊಂದಕ್ಕೆ ಏಳು ವರ್ಷವೆಂದು ಹಿಡಿದರೆ 490 ವರ್ಷ. ಹಳೆಯ ಮಾತನ್ನು ಹೊಸ ಸಂಕಟದ ಎದುರಿಗೆ ಹಿಡಿದು ಮತ್ತೆ ಓದುವ ಪದ್ಧತಿ ಇದು.

ಆ ಹೊಸ ಸಂಕಟ ಯಾವುದು? ಕಥೆ ನಡೆಯುವುದು ಕ್ರಿ.ಪೂ. 6ನೇ ಶತಮಾನದಲ್ಲಿ. ಗ್ರಂಥವೂ ಆ ಕಾಲದ್ದೇ ಎಂಬ ನಂಬಿಕೆ ಸಭೆಗಳಲ್ಲಿ ಬಹುಕಾಲದಿಂದ ಇದೆ. ಆದರೆ ಈಗಿರುವ ರೂಪಕ್ಕೆ ಬಂದದ್ದು ಕ್ರಿ.ಪೂ. 167ರಿಂದ 164ರ ನಡುವೆ ಎಂದು ಇಂದಿನ ಬಹುಪಾಲು ವಿದ್ವಾಂಸರು ಎಣಿಸುತ್ತಾರೆ. ಸಿರಿಯಾದ ಅರಸ ನಾಲ್ಕನೆಯ ಅಂತಿಯೋಕ ಆಗ ಯೆಹೂದ್ಯರ ಸಬ್ಬತ್ತು, ಸುನ್ನತಿ, ಧರ್ಮಶಾಸ್ತ್ರದ ಪಠಣ ಎಲ್ಲವನ್ನೂ ನಿಷೇಧಿಸಿದ್ದ. ಯೆರೂಸಲೇಮಿನ ದೇವಾಲಯದಲ್ಲಿ ಜ್ಯೂಸ್ ದೇವನ ಪೂಜೆ ನಡೆಯತೊಡಗಿತ್ತು. 3ನೇ ಶತಮಾನದಲ್ಲೇ ಪೊರ್ಫಿರಿ ಎಂಬ ತತ್ವಜ್ಞಾನಿ ಈ ಕಾಲನಿರ್ಣಯವನ್ನು ಮುಂದಿಟ್ಟಿದ್ದ. ಅವನಿಗೆ ಉತ್ತರ ಕೊಡುತ್ತಲೇ ಸಂತ ಜೆರೋಮ್ ದಾನಿಯೇಲನ ಮೇಲಿನ ತನ್ನ ವ್ಯಾಖ್ಯಾನವನ್ನು ಬರೆದ. ಯಾವ ಪಕ್ಷ ಹಿಡಿದರೂ ಒಂದು ಮಾತನ್ನು ಎಲ್ಲರೂ ಒಪ್ಪುತ್ತಾರೆ: 8ನೇ ಅಧ್ಯಾಯದಲ್ಲಿ ಬೆಳೆದು ದೊಡ್ಡದಾಗುವ ಆ ಚಿಕ್ಕ ಕೊಂಬು ಅಂತಿಯೋಕನ ಅಟ್ಟಹಾಸವನ್ನು ಚಿತ್ರಿಸುತ್ತದೆ ಎಂಬುದು ಬಹಳ ಹಳೆಯ ಓದು.

ಅದೇ ಅಧ್ಯಾಯದ 14ನೇ ವಚನದಲ್ಲಿ 2300 ಸಂಜೆ–ಬೆಳಗುಗಳ ಮಾತು ಬರುತ್ತದೆ. ದೇವಾಲಯದಲ್ಲಿ ದಿನಕ್ಕೆ ಎರಡು ಹೊತ್ತು, ಸಂಜೆಗೊಂದು ಬೆಳಗಿಗೊಂದು, ಬಲಿ ನಡೆಯಬೇಕು. ಅದು ನಿಂತುಹೋಗಿದೆ. ತಪ್ಪಿಹೋದ ಬಲಿಗಳ ಲೆಕ್ಕ ಇದು ಎಂದು ಓದುವವರು 1150 ದಿನವೆಂದು ಎಣಿಸುತ್ತಾರೆ. ಪೂರ್ತಿ 2300 ದಿನವೆನ್ನುವವರೂ ಇದ್ದಾರೆ. ಎಷ್ಟೇ ಆದರೂ ಪ್ರಶ್ನೆ ಸ್ಪಷ್ಟ: ನಮ್ಮ ಗುಡಿ ಎಂದು ಶುದ್ಧವಾದೀತು? ಕ್ರಿ.ಪೂ. 164ರ ಡಿಸೆಂಬರಿನಲ್ಲಿ, ಅಂತಿಯೋಕನ ವಿರುದ್ಧ ದಂಗೆಯೆದ್ದ ಮಕ್ಕಬಿಯರು ದೇವಾಲಯವನ್ನು ಶುದ್ಧಮಾಡಿ ಮರುಪ್ರತಿಷ್ಠೆ ಮಾಡಿದರು. ಯೆಹೂದ್ಯರ ಹನುಕ್ಕಾ ಹಬ್ಬ ಅದರ ನೆನಪು. 2300 ಎಂಬ ಈ ಸಂಖ್ಯೆಯನ್ನು ನೆನಪಿಡಿ. ಅಮೆರಿಕದ ಒಬ್ಬ ರೈತನ ಕೈಯಲ್ಲಿ ಅದು ಏನಾಯಿತೆಂಬುದನ್ನು ಮುಂದೆ ನೋಡಲಿದ್ದೇವೆ.

ಏಳು ಪಟ್ಟಣಗಳಿಗೆ ಒಂದು ಪತ್ರ

ಪ್ರಕಟನೆಯ ವಿಳಾಸವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೊದಲ ಅಧ್ಯಾಯದಲ್ಲೇ ಬರೆದಿದೆ. ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಏಳೂ ಊರುಗಳು ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದವು. ಬರೆದವನು ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನ. ಕಾಲ ಕ್ರಿ.ಶ. 95ರ ಸುಮಾರು, ದೊಮಿಶಿಯನ್ ಚಕ್ರವರ್ತಿಯ ಆಳ್ವಿಕೆ ಎಂಬುದು ಬಹುಮತ; ನೀರೋವಿನ ಕಾಲದ ಆಸುಪಾಸು ಎನ್ನುವವರೂ ಇದ್ದಾರೆ.

ಲವೊದಿಕೀಯಕ್ಕೆ ಬರೆದದ್ದನ್ನು ಹತ್ತಿರದಿಂದ ನೋಡೋಣ. ತಾನು ಐಶ್ವರ್ಯವಂತ, ತನಗೆ ಯಾವ ಕೊರತೆಯೂ ಇಲ್ಲ ಎಂದುಕೊಂಡ ಸಭೆಯನ್ನು ಆ ಪತ್ರ ಗದರಿಸುತ್ತದೆ. ಕ್ರಿ.ಶ. 60ರ ಭೂಕಂಪದಲ್ಲಿ ಲವೊದಿಕೀಯ ಕುಸಿದುಬಿತ್ತು. ರೋಮಿನ ನೆರವು ಪಡೆಯದೆ ಸ್ವಂತ ಹಣದಿಂದಲೇ ಊರು ಮತ್ತೆ ಎದ್ದು ನಿಂತಿತೆಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಆ ಊರಿನ ಬಿಗುಮಾನ ಎಲ್ಲರಿಗೂ ಗೊತ್ತಿದ್ದದ್ದು. ಪತ್ರ ನೇರವಾಗಿ ಅದನ್ನೇ ಮುಟ್ಟುತ್ತದೆ. ಕೇಳಿಸಿಕೊಂಡವರಿಗೆ ಯಾವ ಭಾಷ್ಯವೂ ಬೇಕಿರಲಿಲ್ಲ.

ಆರನೆಯ ಅಧ್ಯಾಯದ ಕಪ್ಪು ಕುದುರೆಯನ್ನು ನೋಡಿ. ಸವಾರನ ಕೈಯಲ್ಲಿ ತಕ್ಕಡಿ. ಒಂದು ಸೇರು ಗೋದಿಗೆ ಒಂದು ದೆನಾರಿ, ಮೂರು ಸೇರು ಜವೆಗೋದಿಗೆ ಒಂದು ದೆನಾರಿ ಎಂದು ದರ ಕೂಗುವುದು ಕೇಳಿಸುತ್ತದೆ; ಎಣ್ಣೆಗೂ ದ್ರಾಕ್ಷಾರಸಕ್ಕೂ ಕೈಹಚ್ಚಬೇಡ ಎಂಬ ಅಪ್ಪಣೆಯೂ ಜೊತೆಗೆ. ದೆನಾರಿ ಎಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಅಲ್ಲಿ ಹೇಳಿದ ಅಳತೆಯ ಗೋದಿ ಒಬ್ಬನ ಒಂದು ದಿನದ ಹೊಟ್ಟೆಪಾಡು. ಅಂದರೆ ದಿನವಿಡೀ ದುಡಿದವನಿಗೆ ತನ್ನೊಬ್ಬನ ಹೊಟ್ಟೆಗಷ್ಟೇ ಆಯಿತು. ಹೆಂಡತಿ ಮಕ್ಕಳಿಗೆ ಇಲ್ಲ. ಅವರಿಗೂ ತಿನ್ನಿಸಬೇಕಾದರೆ ಗೋದಿ ಬಿಟ್ಟು ಅಗ್ಗದ ಜವೆಗೆ ಇಳಿಯಬೇಕು. ಇತ್ತ ಸಿರಿವಂತರ ತೋಟದ ಎಣ್ಣೆ, ದ್ರಾಕ್ಷಾರಸಗಳು ಸುರಕ್ಷಿತ. ಬರಗಾಲ ಬಡವನ ತಾಟಿನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಕಂಡು ಬರೆದ ಸಾಲುಗಳಿವು. ಈ ಕುದುರೆ ಯಾವ ಇಸವಿಯಲ್ಲಿ ಹೊರಡುತ್ತದೆ ಎಂದು ಕೇಳುವವನು ತಕ್ಕಡಿಯನ್ನು ನೋಡಿಯೇ ಇಲ್ಲ.

ಇನ್ನು 13ನೇ ಅಧ್ಯಾಯದ 666. ಹೀಬ್ರೂ ಭಾಷೆಯಲ್ಲಿ ಅಕ್ಷರಗಳೇ ಅಂಕಿಗಳೂ ಆಗಿದ್ದವು. ‘ನೀರೋ ಕೈಸರ’ ಎಂಬ ಹೆಸರನ್ನು ಗ್ರೀಕ್ ಉಚ್ಚಾರದಂತೆ ಹೀಬ್ರೂ ಲಿಪಿಯಲ್ಲಿ ಬರೆದು ಕೂಡಿಸಿದರೆ 50, 200, 6, 50, 100, 60, 200, ಒಟ್ಟು 666. ಲ್ಯಾಟಿನ್ ಉಚ್ಚಾರದಂತೆ ಬರೆದರೆ ಕೊನೆಯ ‘ನ’ಕಾರ ಬಿದ್ದುಹೋಗಿ 616 ಆಗುತ್ತದೆ. ಕೆಲವು ಹಳೆಯ ಪ್ರತಿಗಳಲ್ಲಿ ಸರಿಯಾಗಿ ಈ 616 ಸಂಖ್ಯೆಯೇ ಇತ್ತೆಂದು 2ನೇ ಶತಮಾನದ ಐರೇನಿಯಸ್‌ಗೆ ಗೊತ್ತಿತ್ತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ತುಣುಕಿನಲ್ಲೂ ಅದೇ ಇದೆ. ಎರಡು ಸಂಖ್ಯೆಗೂ ಒಂದೇ ಹೆಸರು ಹೊಂದುವುದರಿಂದ ಈ ಓದಿಗೆ ಬಹಳ ಬಲ ಬಂತು. ಕ್ರಿ.ಶ. 64ರ ಬೆಂಕಿಯ ನಂತರ ರೋಮಿನ ಕ್ರೈಸ್ತರನ್ನು ಕೊಲ್ಲಿಸಿದ ದೊರೆಯ ಹೆಸರನ್ನು ಬಾಯಿಬಿಟ್ಟು ಹೇಳಲಾಗದವರು ಅದನ್ನು ಲೆಕ್ಕದಲ್ಲಿ ಹೇಳಿದರು.

ಹದಿನೆಂಟನೆಯ ಅಧ್ಯಾಯದಲ್ಲಿ ಬಾಬಿಲೋನ್ ಬೀಳುತ್ತದೆ, ವರ್ತಕರು ಗೋಳಾಡುತ್ತಾರೆ. ಅವರ ಸರಕಿನ ಪಟ್ಟಿ ಉದ್ದವಾಗಿದೆ: ಬಂಗಾರ, ಮುತ್ತು, ರೇಷ್ಮೆ, ದಂತ, ಲವಂಗಚಕ್ಕೆ, ಗೋದಿ, ದನಕುರಿ. ಪಟ್ಟಿಯ ಕಟ್ಟಕಡೆಗೆ ಮನುಷ್ಯರು, ಅಂದರೆ ಗುಲಾಮರು. ಇಲ್ಲಿಯ ಬಾಬಿಲೋನ್ ಏಳು ಬೆಟ್ಟಗಳ ಮೇಲೆ ಕೂತ ರೋಮ್. ಮುತ್ತು ದಂತಗಳಂಥ ಐಷಾರಾಮದ ಸರಕುಗಳು ಭಾರತದ ಪಡುವಣ ಕರಾವಳಿಯ ಬಂದರುಗಳಿಂದ ಆ ಪೇಟೆಗೆ ಹೋಗುತ್ತಿದ್ದ ಕಾಲವದು. ಬಂಗಾರದಿಂದ ಆರಂಭಿಸಿ ಮನುಷ್ಯನಲ್ಲಿ ಮುಗಿಯುವ ಆ ಪಟ್ಟಿಯೇ ಒಂದು ಸಾಮ್ರಾಜ್ಯದ ಮೇಲಿನ ತೀರ್ಪು.

ಲೆಕ್ಕ ಹಾಕಿದವರು

ದಿನ ಎಣಿಸುವ ಆಸೆ ಬಹಳ ಹಳೆಯದು. 3ನೇ ಶತಮಾನದ ಆರಂಭದಲ್ಲಿ ದಾನಿಯೇಲನ ಮೇಲೆ ವ್ಯಾಖ್ಯಾನ ಬರೆದ ಹಿಪ್ಪೊಲಿಟಸ್ ಎರಡು ಘಟನೆಗಳನ್ನು ಹೇಳುತ್ತಾನೆ. ಸಿರಿಯಾದಲ್ಲಿ ಸಭೆಯ ಮುಖಂಡನೊಬ್ಬ ಕ್ರಿಸ್ತನನ್ನು ಎದುರುಗೊಳ್ಳಲು ಜನರನ್ನು ಹೆಂಡತಿ ಮಕ್ಕಳ ಸಮೇತ ಮರುಭೂಮಿಗೆ ಕರೆದುಕೊಂಡು ಹೋದ. ಅಲೆದಾಡುತ್ತಿದ್ದ ಅವರನ್ನು ದರೋಡೆಕೋರರೆಂದು ಬಗೆದು ಅಧಿಕಾರಿ ಕೊಲ್ಲಿಸುವುದರಲ್ಲಿದ್ದ. ಆ ಅಧಿಕಾರಿಯ ಹೆಂಡತಿ ಕ್ರೈಸ್ತಳಾಗಿದ್ದರಿಂದ ಹೇಗೋ ಉಳಿದರು. ಪೊಂತದಲ್ಲಿ ಇನ್ನೊಬ್ಬ ಕನಸುಗಳನ್ನು ಕಂಡು, ವರ್ಷದೊಳಗೆ ಅಂತ್ಯ ಬರುತ್ತದೆ ಎಂದ. ಜನ ಹೊಲಗಳನ್ನು ಬೀಳುಬಿಟ್ಟರು, ದನಗಳನ್ನು ಮಾರಿದರು. ವರ್ಷ ಕಳೆಯಿತು, ಕೈಯಲ್ಲಿ ಏನೂ ಉಳಿಯಲಿಲ್ಲ. ಇಂಥವರನ್ನು ತಣ್ಣಗಾಗಿಸಲು ಹಿಪ್ಪೊಲಿಟಸ್ ತಾನೂ ಒಂದು ಲೆಕ್ಕ ಕೊಟ್ಟ. ಒಡಂಬಡಿಕೆಯ ಮಂಜೂಷದ ಉದ್ದ, ಅಗಲ, ಎತ್ತರ ಕೂಡಿಸಿದರೆ ಐದೂವರೆ ಮೊಳ. ಮೊಳಕ್ಕೆ ಸಾವಿರ ವರ್ಷದಂತೆ ಕ್ರಿಸ್ತ ಹುಟ್ಟಿದ್ದು ಸೃಷ್ಟಿಯ 5500ನೇ ವರ್ಷದಲ್ಲಿ, ಲೋಕಕ್ಕೆ ಆರು ಸಾವಿರ ತುಂಬಲು ಅಲ್ಲಿಂದಾಚೆ ಐನೂರು ವರ್ಷ ಬೇಕು ಎಂದ. ಉದ್ದೇಶ ಒಳ್ಳೆಯದೇ. ಆದರೆ ದಿನಾಂಕದ ರೋಗಕ್ಕೆ ದಿನಾಂಕದ ಮದ್ದು ನಾಟಲಿಲ್ಲ.

ಜರ್ಮನಿಯ ಮ್ಯುನ್ಸ್ಟರ್ ಪಟ್ಟಣವೇ ಹೊಸ ಯೆರೂಸಲೇಮ್ ಎಂದು ನಂಬಿದವರು 1534ರಲ್ಲಿ ಊರನ್ನು ವಶಪಡಿಸಿಕೊಂಡರು. ಆ ವರ್ಷದ ಈಸ್ಟರ್ ಹಬ್ಬಕ್ಕೆ ತೀರ್ಪು ಬರುತ್ತದೆಂದ ಅವರ ನಾಯಕ ಯಾನ್ ಮಾಟೈಸ್ ಮುತ್ತಿಗೆಯ ಸೇನೆಯ ಎದುರಿಗೆ ಹೋಗಿ ಸತ್ತ. 1535ರ ಜೂನಿನಲ್ಲಿ ಊರು ಬಿತ್ತು. ಮರಣದಂಡನೆಗೆ ಗುರಿಯಾದ ನಾಯಕರ ಹೆಣಗಳನ್ನಿಟ್ಟ ಕಬ್ಬಿಣದ ಪಂಜರಗಳು ಇಂದಿಗೂ ಸಂತ ಲ್ಯಾಂಬರ್ಟ್ ಚರ್ಚಿನ ಗೋಪುರದಲ್ಲಿ ತೂಗುತ್ತಿವೆ.

ಈಗ ಆ ರೈತನ ವಿಷಯ. ವಿಲಿಯಂ ಮಿಲ್ಲರ್ ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್ ಊರಿನವರು, 1812ರ ಯುದ್ಧದಲ್ಲಿ ಸೈನಿಕರಾಗಿದ್ದವರು, ಬ್ಯಾಪ್ಟಿಸ್ಟ್ ಸಭೆಯ ಪ್ರಾಮಾಣಿಕ ವಿಶ್ವಾಸಿ. ಬೈಬಲ್ಲನ್ನು ವಚನಕ್ಕೆ ವಚನ ಹೋಲಿಸುತ್ತ ಎರಡು ವರ್ಷ ಓದಿದರು. ದಾನಿಯೇಲನ 2300 ದಿನಗಳನ್ನು 2300 ವರ್ಷವೆಂದು ಹಿಡಿದರು. ಅರ್ತಷಸ್ತ ದೊರೆ ಎಜ್ರನಿಗೆ ಆಜ್ಞಾಪತ್ರ ಕೊಟ್ಟ ಕ್ರಿ.ಪೂ. 457ರಿಂದ ಎಣಿಸಿ 1843ಕ್ಕೆ ಬಂದರು. ಶುದ್ಧವಾಗಬೇಕಾದ ಪವಿತ್ರಸ್ಥಳ ಈ ಭೂಮಿಯೇ ಎಂದುಕೊಂಡರು. 1831ರಿಂದ ಊರೂರಿನಲ್ಲಿ ಬೋಧಿಸಿದರು. ಹತ್ತಾರು ಸಾವಿರ ಜನ ನಂಬಿದರು. ಅವರ ಎಣಿಕೆಯ ಆ ವರ್ಷ ಮುಗಿದ 1844ರ ಮಾರ್ಚಿನಲ್ಲಿ ಗಡುವು ದಾಟಿತು. ಕ್ರಿಸ್ತಪೂರ್ವಕ್ಕೂ ಕ್ರಿಸ್ತಶಕಕ್ಕೂ ನಡುವೆ ಸೊನ್ನೆಯ ವರ್ಷವಿಲ್ಲ, ಹಾಗಾಗಿ ಲೆಕ್ಕ 1844ಕ್ಕೆ ಬರಬೇಕು ಎಂದಾಯಿತು. ಸ್ಯಾಮ್ಯುಯೆಲ್ ಸ್ನೋ ಎಂಬ ಬೋಧಕರು ಯೆಹೂದ್ಯರ ಪ್ರಾಯಶ್ಚಿತ್ತದ ದಿನಕ್ಕೆ ಹೊಂದಿಸಿ ಅಕ್ಟೋಬರ್ 22 ಎಂದು ಗೊತ್ತುಮಾಡಿದರು. ಕೆಲವರು ಬೆಳೆ ಕೊಯ್ಯಲಿಲ್ಲ, ಅಂಗಡಿ ಮುಚ್ಚಿದರು. ಇರುಳೆಲ್ಲ ಕಾದು, ಬೆಳಗಾದ ಮೇಲೆ ಅತ್ತರು. ಚರಿತ್ರೆಯಲ್ಲಿ ಅದಕ್ಕೆ ‘ಮಹಾ ನಿರಾಶೆ’ ಎಂದೇ ಹೆಸರು.

ಮಿಲ್ಲರ್ ಅವರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಎಣಿಕೆ ತಪ್ಪಿತೆಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು. ಅವರ ಅನುಯಾಯಿಗಳ ಒಂದು ಕವಲಿನಿಂದಲೇ 1863ರಲ್ಲಿ ಸೆವೆಂತ್-ಡೇ ಅಡ್ವೆಂಟಿಸ್ಟ್ ಸಭೆ ರೂಪುಗೊಂಡು, ಶಾಲೆ ಆಸ್ಪತ್ರೆಗಳ ಮೂಲಕ ಬಹಳ ದೇಶಗಳಲ್ಲಿ ಸೇವೆ ಮಾಡಿತು. ಆದರೆ ಮೂಲದ ಎಡವಟ್ಟು ಕೂಡಿಸಿ ಕಳೆಯುವುದರಲ್ಲಿ ಇರಲಿಲ್ಲ. ಗುಡಿ ಕಳೆದುಕೊಂಡು ಅಳುತ್ತಿದ್ದ ಜನರ ಪ್ರಶ್ನೆಯನ್ನು ಅವರ ಕೈಯಿಂದ ತೆಗೆದುಕೊಂಡು, ಅವರು ಕೇಳದಿದ್ದ ಪ್ರಶ್ನೆಗೆ ಉತ್ತರ ಮಾಡಿದ್ದರಲ್ಲಿತ್ತು. ಅಂತ್ಯಕಾಲದ ಬಗ್ಗೆ 1970ರಲ್ಲಿ ಬಂದ ಹಾಲ್ ಲಿಂಡ್ಸೆಯವರ ಪುಸ್ತಕ, ತೀರ್ಪಿನ ದಿನ 2011ರ ಮೇ 21 ಎಂದು ಸಾರಿದ ಹೆರಾಲ್ಡ್ ಕ್ಯಾಂಪಿಂಗ್ ಅವರ ರೇಡಿಯೋ ಪ್ರಚಾರ, ಎರಡೂ ಅದೇ ದಾರಿ ಹಿಡಿದವು. ಆ ದಿನ, ಆ ಗಳಿಗೆ ಮಗನಿಗೂ ತಿಳಿಯದು, ತಂದೆಗೆ ಮಾತ್ರ ತಿಳಿದದ್ದು ಎಂಬ ಯೇಸುವಿನ ಮಾತು ಮಾರ್ಕನ 13ನೇ ಅಧ್ಯಾಯದಲ್ಲೇ ಇದೆ. ಅಂತ್ಯಕಾಲದ ಅಧ್ಯಾಯದ ಒಳಗೇ ಇಟ್ಟ ಎಚ್ಚರಿಕೆ ಅದು.

ಅರ್ಸಿನೋಯೆಯ ಮೂರು ದಿನ

ಭಿನ್ನಾಭಿಪ್ರಾಯ ಬಂದಾಗ ಹೇಗೆ ನಡೆದುಕೊಳ್ಳಬೇಕು? ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗ ಯೂಸೇಬಿಯಸ್ ಬರೆದ ಸಭಾ ಚರಿತ್ರೆಯಲ್ಲಿದೆ. 3ನೇ ಶತಮಾನದ ಈಜಿಪ್ಟಿನಲ್ಲಿ ನೇಪೊಸ್ ಎಂಬ ಬಿಷಪ್, ಪ್ರಕಟನೆ ಹೇಳುವ ಸಾವಿರ ವರ್ಷಗಳ ಆಳ್ವಿಕೆ ಇದೇ ಭೂಮಿಯ ಮೇಲೆ ಅಕ್ಷರಶಃ ನಡೆಯುತ್ತದೆ ಎಂದು ಬೋಧಿಸಿದ್ದ. ಅವನು ತೀರಿಕೊಂಡ ಮೇಲೆ ಅರ್ಸಿನೋಯೆ ಸೀಮೆಯ ಹಳ್ಳಿಗಳು ಅವನ ಪುಸ್ತಕವನ್ನೇ ಹಿಡಿದುಕೊಂಡು ಉಳಿದ ಸಭೆಗಳಿಂದ ಒಡೆದು ನಿಂತವು. ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸ್ ದೊಡ್ಡ ಪದವಿಯಲ್ಲಿದ್ದವನು. ಬಹಿಷ್ಕಾರದ ಪತ್ರ ಕಳಿಸಬಹುದಿತ್ತು. ಅವನು ತಾನೇ ಅಲ್ಲಿಗೆ ಹೋದ. ಹಳ್ಳಿಗಳ ಹಿರಿಯರನ್ನೂ ಬೋಧಕರನ್ನೂ ಕೂರಿಸಿಕೊಂಡು, ಜನರ ಎದುರಿಗೇ ಆ ಪುಸ್ತಕವನ್ನು ಮೂರು ದಿನ ಬೆಳಗಿನಿಂದ ಸಂಜೆವರೆಗೆ ಚರ್ಚಿಸಿದ. ನೇಪೊಸನ ವಿಶ್ವಾಸವನ್ನೂ ಅವನು ಕಟ್ಟಿದ ಕೀರ್ತನೆಗಳನ್ನೂ ಮನಸಾರೆ ಹೊಗಳಿದ. ಎದುರಾಳಿಗಳು ಸತ್ಯವನ್ನು ಹುಡುಕುತ್ತ ಕ್ರಮವಾಗಿ, ತಾಳ್ಮೆಯಿಂದ ವಾದಿಸಿದ್ದನ್ನು ಮೆಚ್ಚಿ ಬರೆದ. ಕೊನೆಗೆ ಆ ಪಕ್ಷದ ಮುಂದಾಳು ಕೊರಾಕಿಯೋನ್ ತಾನು ಇನ್ನು ಅದನ್ನು ಬೋಧಿಸುವುದಿಲ್ಲವೆಂದು ಎಲ್ಲರೆದುರು ಒಪ್ಪಿಕೊಂಡ. ಇದೇ ಡಯೊನೀಸಿಯಸ್ ಪ್ರಕಟನೆಯ ಶೈಲಿಯನ್ನು ಯೋಹಾನನ ಸುವಾರ್ತೆಯ ಶೈಲಿಯ ಜೊತೆ ಹೋಲಿಸಿ, ಎರಡನ್ನೂ ಬರೆದವರು ಬೇರೆ ಬೇರೆ ಎಂಬ ನಿಲುವಿಗೆ ಬಂದ. ಆದರೂ ಗ್ರಂಥವನ್ನು ತಳ್ಳಿಹಾಕಲಿಲ್ಲ. ತನ್ನ ಬುದ್ಧಿಗೆ ಎಟುಕದ್ದು ಅದರಲ್ಲಿದೆ ಎಂದು ಗೌರವದಿಂದ ಹೇಳಿದ. ವಿದ್ವತ್ತೂ ವಿನಯವೂ ಕೂಡಿ ನಡೆಯಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವುರ್ಟೆಂಬರ್ಗಿನಿಂದ ಮಂಗಳೂರಿಗೆ

ಈ ಚರಿತ್ರೆಯ ಒಂದು ಎಳೆ ನಮ್ಮ ನಾಡಿಗೂ ತಾಗುತ್ತದೆ. ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ (1687–1752) ಹೊಸ ಒಡಂಬಡಿಕೆಯ ಗ್ರೀಕ್ ಪಾಠಗಳನ್ನು ಹೋಲಿಸಿ ಪರಿಷ್ಕರಿಸಿದ ಮಹಾ ವಿದ್ವಾಂಸರು. ಅವರೂ ಪ್ರಕಟನೆಯ ಸಂಖ್ಯೆಗಳನ್ನು ಕೂಡಿಸಿ 1836ರ ಜೂನ್ 18ಕ್ಕೆ ಮೃಗದ ಪತನವಾಗುತ್ತದೆಂದು ಎಣಿಸಿದರು. 1816ರ ಬೆಳೆನಾಶ, ಹಸಿವುಗಳ ಬೆನ್ನಿಗೆ ಈ ನಿರೀಕ್ಷೆಯೂ ಸೇರಿ ವುರ್ಟೆಂಬರ್ಗಿನ ಎಷ್ಟೋ ಕುಟುಂಬಗಳು ಆಶ್ರಯ ಹುಡುಕಿ ಕಾಕಸಸ್ ಸೀಮೆಗೆ ವಲಸೆ ಹೊರಟವು; ದಾರಿಯಲ್ಲೇ ಅನೇಕರು ಸತ್ತರು.

ಅದೇ ಭಕ್ತಿಪಂಥದ ನೆಲ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿಗೆ ಆಳುಗಳನ್ನು ಕೊಟ್ಟಿತು. 1834ರಲ್ಲಿ ಆ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. ಬೆಂಗೆಲ್ ಗುರುತುಹಾಕಿದ್ದ 1836ರಲ್ಲೇ ವುರ್ಟೆಂಬರ್ಗಿನ ಬ್ರಾಕೆನ್‌ಹೈಮಿನವರಾದ ಹೆರ್ಮನ್ ಮೋಗ್ಲಿಂಗ್ ಭಾರತಕ್ಕೆ ಬಂದಿಳಿದರು. ಮೋಗ್ಲಿಂಗ್ ಆ ಲೆಕ್ಕವನ್ನು ನಂಬಿದ್ದರೆಂದು ನಾನು ಹೇಳುತ್ತಿಲ್ಲ. ಆ ಲೆಕ್ಕ ಮನೆಮಾತಾಗಿದ್ದ ನಾಡಿನಿಂದ ಬಂದವರು ಇಲ್ಲಿ ಯಾವ ಕೆಲಸ ಹಿಡಿದರು ಎಂಬುದನ್ನು ನೋಡಿ ಎನ್ನುತ್ತಿದ್ದೇನೆ. ಅಚ್ಚುಕೂಟ, ಶಾಲೆ, 1843ರ ‘ಮಂಗಳೂರ ಸಮಾಚಾರ’, ಜೈಮಿನಿ ಭಾರತ ಮತ್ತು ದಾಸರ ಪದಗಳ ಮುದ್ರಣ. ಆಮೇಲೆ ಅದೇ ಮಿಷನ್ನಿನ ಕಿಟ್ಟೆಲರು ದಶಕಗಳ ದುಡಿಮೆಯಿಂದ 1894ರಲ್ಲಿ ನಿಘಂಟನ್ನು ಹೊರತಂದರು. ಕೈಗೆ ಬಂದ ಕೆಲಸವನ್ನು ಮುಗಿಸಲು ಬೇಕಾದಷ್ಟು ಕಾಲ ಲೋಕ ಇರುತ್ತದೆ ಎಂಬ ಭರವಸೆ ಇಲ್ಲದೆ ನಿಘಂಟು ಹುಟ್ಟುವುದಿಲ್ಲ. ಕರ್ತನ ದಿನ ಬಂದೇಬಿಟ್ಟಿತೆಂದು ಕಂಗೆಟ್ಟಿದ್ದ ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರ ಕೊಡುವ ಬುದ್ಧಿವಾದವೂ ಇದೇ: ಸುಮ್ಮನೆ ಅಲೆಯದೆ ದುಡಿದು ಉಣ್ಣಿ, ಒಳ್ಳೆಯದನ್ನು ಮಾಡಲು ಬೇಸರಪಡಬೇಡಿ.

ಹಾಗಾದರೆ ಹೇಗೆ ಓದಬೇಕು?

ಪ್ರಕಟನೆಯನ್ನು ಓದುವ ನಾಲ್ಕು ಪಂಥಗಳನ್ನು ಪಾಠಪುಸ್ತಕಗಳು ಹೆಸರಿಸುತ್ತವೆ. ಎಲ್ಲವೂ ಮೊದಲ ಶತಮಾನದಲ್ಲೇ ನೆರವೇರಿತು ಎನ್ನುವವರು ಒಂದು ಕಡೆ, ಸಭೆಯ ಇಡೀ ಚರಿತ್ರೆ ಇದರಲ್ಲಿ ಅಡಗಿದೆ ಎನ್ನುವವರು ಇನ್ನೊಂದು ಕಡೆ. ಮುಂದೆ ಬರುವುದನ್ನು ಮಾತ್ರ ಹೇಳುತ್ತದೆ ಎನ್ನುವವರಿದ್ದಾರೆ, ಎಲ್ಲ ಕಾಲಕ್ಕೂ ಸಲ್ಲುವ ಸಂಕೇತ ಎನ್ನುವವರೂ ಇದ್ದಾರೆ. ಪ್ರತಿಯೊಂದಕ್ಕೂ ಬಲವಿದೆ, ಕೊರತೆಯಿದೆ. ಮೊದಲ ಶತಮಾನಕ್ಕೆ ಕಟ್ಟಿಹಾಕಿದರೆ ಗ್ರಂಥ ಸತ್ತುಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ವಿರುದ್ಧ ಹೋರಾಡಿದ ಸಭಾಪಾಲಕ ಆಲನ್ ಬೂಸಾಕ್ 1987ರಲ್ಲಿ ಪ್ರಕಟನೆಯ ಮೇಲೆ ಒಂದು ಪುಸ್ತಕ ತಂದರು. ಯೋಹಾನ ರೋಮಿನ ಬಗ್ಗೆ ಬರೆದ ಎಂಬುದನ್ನು ಮರೆಯದೆಯೇ ಅವರು ತಮ್ಮ ನಾಡಿನ ಸರ್ಕಾರದಲ್ಲಿ ಆ ಮೃಗದ ಗುಣವನ್ನು ಗುರುತಿಸಿದರು, ಅವರ ಜನರಿಗೆ ಅದರಿಂದ ಸಮಾಧಾನವೂ ಪ್ರತಿಭಟನೆಯ ಬಲವೂ ಸಿಕ್ಕಿತು. ಯಾವ ದಿನಾಂಕದ ಹಂಗೂ ಅವರಿಗೆ ಬೇಕಾಗಲಿಲ್ಲ.

ಇಲ್ಲೊಂದು ಎಚ್ಚರ ಬೇಕು. ಪೋಪರನ್ನು, ಯೆಹೂದ್ಯರನ್ನು, ತುರ್ಕರನ್ನು, ನೆಪೋಲಿಯನ್ನನನ್ನು, ಹೀಗೆ ಒಂದೊಂದು ಕಾಲದಲ್ಲಿ ಒಬ್ಬೊಬ್ಬರನ್ನು ಕ್ರಿಸ್ತವಿರೋಧಿ ಎಂದು ತೋರಿಸಲಾಗಿದೆ. ದಿನಾಂಕ ತಪ್ಪಿದರೆ ಆಗುವುದು ಅವಮಾನ. ಒಂದು ಜನಾಂಗದ ಮೇಲೆ ಮೃಗದ ಹೆಸರು ಅಂಟಿಸಿದರೆ ಹರಿಯುವುದು ರಕ್ತ. ಪ್ರಕಟನೆಯಲ್ಲಿ ಮೃಗವೆಂದರೆ ಪೂಜೆ ಬೇಡುವ ಅಧಿಕಾರ, ತನ್ನ ಗುರುತಿಲ್ಲದವನಿಗೆ ಕೊಳ್ಳಲು ಮಾರಲು ಬಿಡದ ಅಧಿಕಾರ. ನೆರೆಮನೆಯವನಲ್ಲಿ ಅದನ್ನು ಹುಡುಕುವ ಓದು ಗ್ರಂಥಕ್ಕೆ ಮಾಡುವ ದ್ರೋಹ.

ಕೊನೆಯದಾಗಿ ಸಭೆಗಳಿಗೂ ಕಾಲೇಜುಗಳಿಗೂ ಒಂದು ವಿನಂತಿ. ಪ್ರಕಟನೆಯ ಆರಂಭದಲ್ಲಿ ಅದನ್ನು ಗಟ್ಟಿಯಾಗಿ ಓದುವವನಿಗೂ ಕೇಳುವವರಿಗೂ ಆಶೀರ್ವಾದವಿದೆ. ಸಭೆ ಸೇರಿದಾಗ ಒಬ್ಬ ಓದಿ ಉಳಿದವರು ಕೇಳಲೆಂದೇ ಅದು ಬರೆದ ಪತ್ರ. ದಾನಿಯೇಲನಿಗೆ ಗ್ರಂಥಕ್ಕೆ ಮುದ್ರೆ ಹಾಕಿಡು ಎಂದು ಅಪ್ಪಣೆಯಾಗಿತ್ತು. ಯೋಹಾನನಿಗೆ ಮುದ್ರೆ ಹಾಕಬೇಡ ಎಂದಾಯಿತು. ತೆರೆದಿಟ್ಟ ಗ್ರಂಥವನ್ನು ನಾವು ವಚನ ವಚನವಾಗಿ ಕತ್ತರಿಸಿ ಮೊಬೈಲಿಗೆ ಕಳಿಸುತ್ತಿದ್ದೇವೆ. ಒಂದು ಸಂಜೆ ಕೂತು ಕನ್ನಡದಲ್ಲಿ ಇಪ್ಪತ್ತೆರಡೂ ಅಧ್ಯಾಯಗಳನ್ನು ಗಟ್ಟಿಯಾಗಿ ಓದಿಸಿ. ಸುಮಾರು ಎರಡು ಗಂಟೆ ಹಿಡಿದೀತು. ಓದುವ ಮೊದಲು ಏಳು ಪಟ್ಟಣಗಳ ಭೂಪಟವೊಂದನ್ನು ಗೋಡೆಗೆ ಹಾಕಿ, ಆ ಊರುಗಳ ಜನರ ಕಷ್ಟವನ್ನು ಹತ್ತು ನಿಮಿಷ ತಿಳಿಸಿ. ಓದಾದ ಮೇಲೆ, ನಮ್ಮ ಊರಿನ ತಕ್ಕಡಿ ಯಾರ ಕೈಯಲ್ಲಿದೆ, ನಮ್ಮ ಪೇಟೆಯ ಸರಕಿನ ಪಟ್ಟಿಯ ಕೊನೆಯಲ್ಲಿ ಯಾರಿದ್ದಾರೆ ಎಂದು ಕೇಳಿಕೊಳ್ಳಿ. ಅಂಥ ಓದಿಗೆ ಕೂತ ಯುವಜನರನ್ನು ಮುಂದೆ ಯಾರೂ ಒಂದು ದಿನಾಂಕ ತೋರಿಸಿ ಹೆದರಿಸಲಾರರು.